ಗಿರಿಜಕ್ಕನ ಪುಸ್ತಕದಲ್ಲಿ ನನ್ನ ಹೆಬ್ಬೆಟ್ಟು

ಹಾಗಲ್ಲ ಪ್ರಣಮ್ಯ, ಅಜ್ಜ ಆಗ ಡಯಾಲಿಸಿಸ್ ಬೇಡ ಅಂತ ಹಠ ಹಿಡಿದು ಕೂತದ್ದು ಸೂಜಿಗೆ ಹೆದರಿ ಅಲ್ಲ, ನಿನಗೆ ಯಾರು ಹೇಳಿದ್ದು ಹಾಗೆ? ಅವರೇ ಹೇಳಿದ್ದಾ? ಹೇಳ್ತಾರೆ, ಹೇಳ್ತಾರೆ, ಮರ್ಯಾದೆ ಉಳಿಸ್ಲಿಕ್ಕೆ ಹೇಳ್ತಾರೆ. ಅವರ ಮರ್ಯಾದೆ ಅಲ್ಲ, ನನ್ನದು. ಮೂವತ್ತು ವರ್ಷ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದ ಜನ, ಒಮ್ಮೆ ಕಾಲಿನ ಮೇಲೆ ಕಲ್ಲು ಬಿದ್ದು ಉಗುರು ಕಿತ್ತು ಬಂದರೂ ಮರುದಿನ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದವರು, ಅವರು ಸೂಜಿಗೆ ಹೆದರ್ತಾರಾ? ಅವರು ಬೇಡ ಹೇಳಿದ್ದು ನನ್ನಿಂದಾಗಿ. ಇಗೋ, ಈ ಹೆಬ್ಬೆಟ್ಟಿನಿಂದಾಗಿ. ನಗಬೇಡ ರಕ್ಷಾ. ನೀವಿಬ್ಬರೂ ಆಗ ಶಾಲೆ, ಟ್ಯೂಷನ್ನು ಅಂತ ಓಡ್ತಾ ಇದ್ದಿರಿ, ನಿಮಗೆ ಎಂತ ಗೊತ್ತು? ಈಗ ಅವರು ಒಳಗೆ ಟಿವಿ ನೋಡ್ತಾ ಕೂತಿದ್ದಾರೆ, ನೀರು ಬೇಕು ಅಂತ ನನ್ನ ಹತ್ರ ಜಗಳ ಮಾಡ್ತಾರೆ, ಹಾಗಾಗಿ ಹೇಳ್ತೇನೆ. ಆಗ ಕೇಳಿದ್ದರೆ ಹೇಳ್ತಿರಲಿಲ್ಲ.

ಬೀಡಿಯಿಂದ ಸುರು ಮಾಡಬೇಕು, ಇಲ್ಲದಿದ್ದರೆ ನಿಮಗೆ ಅರ್ಥ ಆಗುವುದಿಲ್ಲ. ನಮ್ಮ ತಾಯಿ ಮನೆಯಲ್ಲಿ ಹೆಂಗಸರೆಲ್ಲ ಬೀಡಿ ಕಟ್ಟುವವರೇ. ಊಟ ಆಯ್ತು ಅಂದರೆ ಗೆರಸೆ ಮಡಿಲಿಗೆ ಬಂತು, ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕುವುದು, ಸುತ್ತುವುದು, ನೂಲು ಕಟ್ಟುವುದು. ಆದರೆ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಒಂದು ಮನೆಗೆ ಒಂದು ಪುಸ್ತಕ. ಪುಸ್ತಕ ಅಂದರೆ ಎಂತ ಗೊತ್ತುಂಟಾ, ಇಷ್ಟು ಎಲೆ ಕೊಟ್ಟಿದ್ದೇವೆ, ಇಷ್ಟು ಬೀಡಿ ಬಂತು ಅಂತ ಬರೆಯುವ ಪುಸ್ತಕ, ಆ ಪುಸ್ತಕದ ಹೆಸರಿಗೇ ಪಿಎಫ್, ಆ ಹೆಸರಿಗೇ ಮುಂದೆ ಪಿಂಚಣಿ. ನಮ್ಮ ಮನೆಯ ಪುಸ್ತಕ ಗಿರಿಜಕ್ಕನ ಹೆಸರಿನಲ್ಲಿ ಇತ್ತು. ಗಿರಿಜಕ್ಕ ನನ್ನ ದೊಡ್ಡ ಅಕ್ಕ, ಬೆಳ್ಮಣ್ಣಿನಲ್ಲಿ ಇದ್ದಾಳಲ್ಲ, ನಿಮಗೆ ಹಲಸಿನ ಹಪ್ಪಳ ಕಳಿಸುವವಳು, ಅವಳೇ. ಅವಳು ಒಂದು ಹತ್ತು ವರ್ಷ ಕಟ್ಟಿದಳು, ಮತ್ತೆ ಬೆಳ್ಮಣ್ಣಿಗೆ ಮದುವೆ ಆಯ್ತು, ಅತ್ತೆಗೆ ಹೊಗೆಸೊಪ್ಪಿನ ವಾಸನೆ ಆಗುವುದಿಲ್ಲ, ಗದ್ದೆ ಕೆಲಸವೇ ಬೇಕಾದಷ್ಟು ಉಂಟು ಅಂತ ಬೀಡಿ ಬಿಡಿಸಿದರು. ನಾನು ಬ್ರಾಂಚಿಗೆ ಹೋಗಿ ಕೇಳಿದೆ, ನನ್ನ ಹೆಸರಿಗೆ ಪುಸ್ತಕ ಮಾಡಿ ಕೊಡಿ ಅಂತ. ಅಲ್ಲಿ ಲೆಕ್ಕ ಬರೆಯುವ ರೈಟರು ಹೇಳಿದರು, 'ಹೊಸ ಪುಸ್ತಕ ಈಗ ಇಲ್ಲ ಸುನಂದ. ಅಕ್ಕನದ್ದರಲ್ಲಿಯೇ ಕಟ್ಟು, ಎಲ್ಲರೂ ಹಾಗೇ ಮಾಡುವುದು.' ಎಲ್ಲರೂ ಹಾಗೇ ಮಾಡ್ತಿದ್ದರು, ಅದು ಸತ್ಯ. ನಾದಿನಿಯ ಪುಸ್ತಕದಲ್ಲಿ ಅತ್ತಿಗೆ, ತಾಯಿಯದ್ದರಲ್ಲಿ ಮಗಳು. ಆದರೆ ಮಜೂರಿ ತೆಗೆದುಕೊಳ್ಳುವಾಗ ಸಹಿ ಹಾಕಬೇಕಲ್ಲ? ನಾನು ಐದನೇ ಕ್ಲಾಸು ಓದಿದವಳು, ಸುನಂದ ಅಂತ ಚೆಂದ ಬರೀತೇನೆ. ಗಿರಿಜ ಅಂತ ಬರೀಲಿಕ್ಕೆ ಕೈಯೇ ಬರಲಿಲ್ಲ ಮಾರಾಯ್ರೆ, ಕಳ್ಳತನ ಮಾಡಿದ ಹಾಗೆ ಆಯ್ತು. ಆಗ ರೈಟರು ಏನು ಹೇಳಿದರು ಗೊತ್ತುಂಟಾ? 'ಸಹಿ ಯಾಕೆ? ಹೆಬ್ಬೆಟ್ಟು ಒತ್ತು. ಹೆಬ್ಬೆಟ್ಟು ಯಾರದ್ದು ಅಂತ ಯಾರಿಗೆ ಗೊತ್ತಾಗ್ತದೆ?' ನನಗೂ ಸರಿ ಕಂಡಿತು. ವಾರ ವಾರ ಹೋಗಿ ಒತ್ತಿದೆ. ಒಂದು ವರ್ಷವಾ, ಎರಡು ವರ್ಷವಾ? ಮದುವೆ ಆಗಿ ಇಲ್ಲಿಗೆ ಕುಕ್ಕುಂದೂರಿಗೆ ಬಂದ ಮೇಲೂ ಅದೇ ಪುಸ್ತಕ, ನಿಮ್ಮ ಅಪ್ಪ ಹುಟ್ಟಿದ ಮೇಲೂ ಅದೇ ಪುಸ್ತಕ, ಇಪ್ಪತ್ತಾರು ವರ್ಷ. ಬ್ರಾಂಚಿನಲ್ಲಿ ನನ್ನನ್ನು ಗಿರಿಜ ಅಂತಲೇ ಕರೆಯುವುದು, ನಾನೂ ಓ ಅನ್ನುವುದು.

ಕಡೆಗೆ ಪುಸ್ತಕ ಮುಚ್ಚಿದರು. ಪಿಎಫ್ ಬಂದದ್ದನ್ನು ಅಕ್ಕ ಹಾಗೇ ತಂದು ನನ್ನ ಕೈಗೆ ಹಾಕಿದಳು, ಒಂದು ಪೈಸೆ ಇಟ್ಟುಕೊಳ್ಳಲಿಲ್ಲ. ತಿಂಗಳ ಪಿಂಚಣಿ ಬರ್ಲಿಕ್ಕೆ ಸುರುವಾದಾಗ ಭಾವ ತೀರಿ ಹೋಗಿದ್ದರು. ನಾನೇ ಹೇಳಿದೆ, 'ಅದು ನಿನಗೇ ಇರಲಿ ಅಕ್ಕ, ಮೊದಲಿನ ಹತ್ತು ವರ್ಷ ಕಟ್ಟಿದ್ದು ನೀನೇ ಅಲ್ವಾ?' ಮಗಳ ಮನೆಯಲ್ಲಿ ಇದ್ದರೂ ಹೆಂಗಸಿಗೆ ಕೈಯಲ್ಲಿ ತನ್ನದು ಅಂತ ಸ್ವಲ್ಪ ಇರಬೇಕು. ಅವಳಿಗೆ ಅದು ಬಿಟ್ಟರೆ ಬೇರೆ ಎಂತದೂ ಇಲ್ಲ. ಅಲ್ಲಿಗೆ ಮುಗಿಯಿತು ಅಂತ ನಾನು ತಿಳಿದುಕೊಂಡೆ. ಎಲ್ಲಿ ಮುಗಿಯುವುದು!

ಮತ್ತೆ ಆಧಾರ್ ಬಂತು. ನಿಮ್ಮ ಅಪ್ಪ ಕರೆದುಕೊಂಡು ಹೋದ, ಹತ್ತು ಬೆರಳನ್ನೂ ಗಾಜಿನ ಮೇಲೆ ಒತ್ತಿ, ಕಣ್ಣಿನ ಫೋಟೋ ಕೊಟ್ಟು, ಸುನಂದ ಅಂತ ಮಾಡಿಸಿ ಬಂದೆ, ಆಗ ಹೆದರಿಕೆ ಗಿದರಿಕೆ ಎಂತದೂ ಇರಲಿಲ್ಲ. ಹೆದರಿಕೆ ಬಂದದ್ದು ಒಂದು ಮದುವೆ ಊಟದಲ್ಲಿ. ಬ್ರಾಂಚಿನ ಹಳೆ ಜೊತೆಯವಳೊಬ್ಬಳು ಪಕ್ಕದಲ್ಲಿ ಕೂತು ಪಾಯಸ ಸುರಿದುಕೊಳ್ತಾ ಹೇಳ್ತಾಳೆ, 'ಈಗ ಹೆಬ್ಬೆಟ್ಟಿನಿಂದಲೇ ಹಿಡಿಯುವುದಂತೆ ಮಾರಾಯ್ತಿ, ಒಂದೇ ಹೆಬ್ಬೆಟ್ಟಿಗೆ ಎರಡು ಹೆಸರು ಬಂದರೆ ಕಂಪ್ಯೂಟರ್ ತೋರಿಸ್ತದಂತೆ, ಎಲ್ಲಿಯೋ ಒಬ್ಬಳನ್ನು ಹಿಡಿದು ಪಿಂಚಣಿ ನಿಲ್ಲಿಸಿದರಂತೆ.' ನಾನು ಪಾಯಸ ಅರ್ಧಕ್ಕೇ ಬಿಟ್ಟು ಎದ್ದೆ. ಯಾರಿಗೂ ಗೊತ್ತಾಗುವುದಿಲ್ಲ ಅಂತ ಒತ್ತಿದ ಹೆಬ್ಬೆಟ್ಟು, ಈಗ ಹೆಬ್ಬೆಟ್ಟೊಂದೇ ಗೊತ್ತಾಗುವುದು ಅಂತ ಆಗಿದೆ! ನನ್ನನ್ನು ಜೈಲಿಗೆ ಹಾಕಿದರೆ ಹಾಕಲಿ, ಅಕ್ಕನ ಪಿಂಚಣಿ ಹೋದರೆ? ಆವತ್ತೇ ನಿಶ್ಚಯ ಮಾಡಿದೆ, ಇನ್ನು ಯಾವ ಮೆಷಿನಿಗೂ ಬೆರಳು ಕೊಡುವುದಿಲ್ಲ ಅಂತ. ಒಬ್ಬಳೇ ನಿಶ್ಚಯ ಮಾಡಿದ್ದು. ಅಜ್ಜನಿಗೂ ಹೇಳಲಿಲ್ಲ.

ರೇಶನ್ ಕಾರ್ಡಿನಲ್ಲಿ ಮನೆಯ ಯಜಮಾನಿ ನಾನೇ, ಹಿರಿ ಹೆಂಗಸಿನ ಹೆಸರಲ್ಲೇ ಅಲ್ವಾ ಕಾರ್ಡು. ಅಕ್ಕಿ ತರುವಾಗ ದಿನೇಶ, ನಿಮ್ಮ ಅಪ್ಪ, ಅವನ ಬೆರಳು ಕೊಟ್ಟು ತರ್ತಿದ್ದ. ಮತ್ತೆ ಸೊಸೈಟಿಯಲ್ಲಿ ಹೇಳಿದರು, ಕಾರ್ಡಿನಲ್ಲಿ ಇದ್ದವರೆಲ್ಲ ಒಮ್ಮೆ ಬಂದು ಬೆರಳು ಕೊಡಬೇಕು ಅಂತ. ದಿನೇಶ ಬಂದು ಹೇಳಿದ, 'ಅಮ್ಮ, ಐದು ನಿಮಿಷದ ಕೆಲಸ, ವ್ಯಾನಿನಲ್ಲಿ ಬಿಡ್ತೇನೆ.' ನನಗೆ ಆವತ್ತು ಮೊಣಕಾಲು ನೋವು. ಇನ್ನೊಂದು ದಿನ ತಲೆ ತಿರುಗುವುದು. ಮತ್ತೊಂದು ದಿನ ಷಷ್ಠಿ, ಉಪವಾಸ. ಜನ್ಮದಲ್ಲಿ ಷಷ್ಠಿ ಉಪವಾಸ ಮಾಡದವಳು ಆವತ್ತು ಉಪವಾಸ ಕೂತೆ, ಹಸಿದು ಸತ್ತೆ. ಹಾಗೆ ಮಾಡ್ತಾ ಮಾಡ್ತಾ ಕಾರ್ಡು ನಿಂತಿತು. 'ನಾನು ಒಬ್ಬಳೇ ಹೋಗಿ ಬೆರಳು ಕೊಟ್ಟು ಬಂದಿದ್ದೆ, ಸರಕಾರವೇ ನಿಲ್ಲಿಸಿದೆ ಕಾಣ್ತದೆ' ಅಂದೆ. ನಿಮ್ಮ ಅಪ್ಪ ನಂಬಿದ, ಪಾಪ. ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ತುಂಬಿಸಿ ಓಡುವವನಿಗೆ ವಿಚಾರಿಸ್ಲಿಕ್ಕೆ ಪುರುಸೊತ್ತೆಲ್ಲಿ?

ಅದೇ ಸಮಯಕ್ಕೆ ಸರಿಯಾಗಿ ಅಜ್ಜನ ಮುಖ ಬಾತು ಬಂತು. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಎಷ್ಟು ದೊಡ್ಡ ಆಸ್ಪತ್ರೆ, ಎಷ್ಟು ಜನ, ಡಾಕ್ಟರ್ ಹುಡುಗಿ ಯಾವ ಊರಿನವಳೋ ಏನೋ, ಕನ್ನಡ ಕಲಿತು ಕಲಿತು ಮಾತಾಡ್ತಾಳೆ, 'ಅಜ್ಜಿ, ಎರಡೂ ಕಿಡ್ನಿ ಕೆಲಸ ಮಾಡುವುದಿಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕು. ಬಿಡ್ಲಿಕ್ಕೆ ಆಗುವುದಿಲ್ಲ.' ನೀರು ಅಳತೆ ಮಾಡಿ ಕೊಡಬೇಕಂತೆ, ಬೊಂಡದ ಎಳನೀರು ಕುಡೀಲಿಕ್ಕಿಲ್ಲ, ಗಂಜಿಯ ತಿಳಿ ಇಲ್ಲ. ದಿನಾ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಸುರಿದುಕೊಂಡು ಬೆಳೆದ ಜನ, ತಿಳಿ ಬಸಿದು ಬರೀ ಅಗುಳು ಬಟ್ಟಲಿಗೆ ಹಾಕಿದರೆ ಅದನ್ನೇ ನೋಡ್ತಾ ಕೂರ್ತಿದ್ದರು. ಆಯ್ತು, ಅದು ಬಿಡಿ. ಕೌಂಟರಿನಲ್ಲಿ ಹುಡುಗಿ ಕೇಳಿದಳು, 'ಬಿಪಿಎಲ್ ರೇಶನ್ ಕಾರ್ಡ್ ಉಂಟಾ ಅಮ್ಮ? ಇದ್ದರೆ ತುಂಬ ಸಹಾಯ ಆಗ್ತದೆ.' ನಾನು ಬಾಯಿ ತೆರೆದು ಹೇಳಿದೆ, 'ಇಲ್ಲ ಮಗಾ.' ದಿನೇಶ ಪಕ್ಕದಲ್ಲೇ ಇದ್ದ. 'ಇತ್ತು, ನಿಲ್ಲಿಸಿದರು' ಅಂದ. 'ಯಾಕೆ ನಿಲ್ಲಿಸಿದರು? ಹೋಗಿ ವಿಚಾರಿಸಿ' ಅಂತ ಆ ಹುಡುಗಿ ಹೇಳ್ತಾ ಇದ್ದಾಳೆ, ನಾನು ದಿನೇಶನ ಕೈ ಎಳೆದುಕೊಂಡು ಈಚೆ ಬಂದೆ. ನನಗೆ ನೆನಪಾದರೆ ಈಗಲೂ ನಾಚಿಕೆ ಆಗ್ತದೆ.

ನಾಲ್ಕು ತಿಂಗಳು ಹಾಗೇ ನಡೆಯಿತು. ಬಸ್ಸಿನಲ್ಲಿ ಹೋಗುವುದು, ಬರುವಾಗ ಅವರು ಸುಸ್ತಾಗಿ ನನ್ನ ಹೆಗಲಿಗೆ ತಲೆ ಇಟ್ಟು ಮಲಗುವುದು. ಆಸ್ಪತ್ರೆಯ ದುಡ್ಡಿಗೆ ನನ್ನ ಕರಿಮಣಿಯಲ್ಲಿದ್ದ ಚಿನ್ನ ಹೋಯ್ತು. ಬರೀ ಕರಿಮಣಿ ನೂಲಿಗೆ ಪೋಣಿಸಿ ಹಾಕಿಕೊಂಡೆ, ಸೆರಗು ಹೊದ್ದರೆ ಯಾರಿಗೆ ಕಾಣ್ತದೆ ಅಂತ. ಅಜ್ಜನಿಗೆ ಕಂಡಿತು. ಒಂದು ಮಂಗಳವಾರ ಬೆಳಿಗ್ಗೆ ಅಂಗಿ ಹಾಕಿಕೊಳ್ಳಿ, ಬಸ್ಸಿಗೆ ಹೊತ್ತಾಯ್ತು ಅಂದರೆ ಏಳುವುದೇ ಇಲ್ಲ. 'ನಾನು ಬರುವುದಿಲ್ಲ ಸುನಂದ.' ಎಂತ, ನೋವುಂಟಾ? 'ನೋವಿಲ್ಲ. ಸಾಕು. ನನ್ನನ್ನು ಉಳಿಸ್ಲಿಕ್ಕೆ ಹೋಗಿ ಮಕ್ಕಳ ಶಾಲೆ ಬಿಡಿಸ್ತೀಯ ನೀನು.' ಮಕ್ಕಳು ಅಂದರೆ ನೀವೇ. ನಾನು ಬೈದೆ, ಅತ್ತೆ, ಕೈ ಮುಗಿದೆ. ಗೋಡೆ ಕಡೆ ತಿರುಗಿ ಮಲಗಿದರು. ಮಂಗಳವಾರ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಕಾಲು ಕುಂಬಳಕಾಯಿಯ ಹಾಗೆ ಊದಿತು, ಮಲಗಿದರೆ ಉಸಿರು ಸಿಕ್ಕುವುದಿಲ್ಲ, ಕುರ್ಚಿಯಲ್ಲೇ ಕೂತಿರುವುದು. ನಿಮಗೆ ಅಜ್ಜನಿಗೆ ಶೀತ ಅಂತ ಹೇಳಿದ್ದೆವು.

ಶನಿವಾರ ವೇದಾವತಿ ಬಂದಳು. ಆಶಾ ಕಾರ್ಯಕರ್ತೆ, ಕೆಳಗಿನ ಮನೆಯ ವೇದ. ಬಂದವಳು ಅಜ್ಜನ ಕಾಲಿಗೆ ಬೆರಳು ಒತ್ತಿ ನೋಡಿದಳು, ಗುಳಿ ಬಿದ್ದದ್ದು ಮೇಲೆ ಏಳಲೇ ಇಲ್ಲ. ಅವಳ ಮುಖ ಬಾಡಿತು. 'ದೊಡ್ಡಮ್ಮ, ಎಷ್ಟು ದಿನ ಆಯ್ತು ಹೋಗದೆ?' ಹೇಳಿದೆ. 'ಮಣಿಪಾಲಕ್ಕೆ ಯಾಕೆ ಹೋಗುವುದು? ನಮ್ಮ ಕಾರ್ಕಳದ ಸರಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಂಟಲ್ಲ, ಬಿಪಿಎಲ್‌ನವರಿಗೆ ದುಡ್ಡೇ ಇಲ್ಲ!' ಕಾರ್ಕಳದಲ್ಲಾ? ಆ ಆಸ್ಪತ್ರೆಯ ಎದುರು ನಾನು ಎಷ್ಟು ಸಲ ನಡೆದು ಹೋಗಿದ್ದೇನೆ, ಒಳಗೆ ಹೋಗಿ ಒಂದು ಮಾತು ಕೇಳಲಿಲ್ಲ. ಕೇಳಿದರೆ ಕಾರ್ಡು ಕೇಳ್ತಾರೆ ಅಂತ! 'ಕಾರ್ಡು ಕೊಡಿ, ನಾನೇ ಮಾತಾಡ್ತೇನೆ' ಅಂದಳು ವೇದ. ನಾನು 'ಕಾರ್ಡು ಇಲ್ಲ' ಅಂದೆ. 'ಇಲ್ಲ ಅಂದರೆ? ನಾನೇ ನೋಡಿದ್ದೇನೆ.' 'ಕಳೆದು ಹೋಯ್ತು.' ಅಷ್ಟು ಹೊತ್ತಿಗೆ ಕುರ್ಚಿಯಲ್ಲಿ ಅಜ್ಜನಿಗೆ ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ತುಟಿ ನೀಲಿ ಆಯ್ತು. ದೇವರೇ, ಅದನ್ನು ನೋಡಿದ ಮೇಲೆ ನನ್ನ ಬಾಯಿ ಹೇಗೆ ಸುಮ್ಮನಿರ್ತದೆ? ವೇದನ ಎರಡೂ ಕೈ ಹಿಡಿದುಕೊಂಡು ಎಲ್ಲ ಹೇಳಿಬಿಟ್ಟೆ. ಪುಸ್ತಕ, ಅಕ್ಕ, ರೈಟರು, ಪಾಯಸ, ಷಷ್ಠಿ, ಎಲ್ಲ.

ವೇದ ಹಣೆಗೆ ಕೈ ಹೊಡೆದುಕೊಂಡಳು. 'ಅಯ್ಯೋ ದೊಡ್ಡಮ್ಮ! ರೇಶನಿನ ಮೆಷಿನು ಕೇಳುವುದು ಒಂದೇ, ಇವರು ಆಧಾರಿನ ಸುನಂದ ಹೌದಾ ಅಲ್ವಾ ಅಂತ. ಬೀಡಿ ಬ್ರಾಂಚಿನ ಪುಸ್ತಕ ಅದಕ್ಕೆ ಎಲ್ಲಿಂದ ಸಿಕ್ಕಬೇಕು? ಅದನ್ನೆಲ್ಲ ಗೆದ್ದಲು ತಿಂದಾಗಿರ್ತದೆ.' ಹಾಗಾದರೂ ನನಗೆ ಧೈರ್ಯ ಬರಲಿಲ್ಲ ನೋಡಿ. ಅಕ್ಕನ ಹತ್ರ ಕೇಳದೆ ಬೆರಳು ಇಡುವುದಿಲ್ಲ ಅಂದೆ. ವೇದನೇ ಫೋನು ಮಾಡಿ ಕೊಟ್ಟಳು. ನಾನು ಅಳ್ತಾ ಅಳ್ತಾ ಹೇಳಿದೆ, ಹೀಗೆ ಹೀಗೆ ಅಕ್ಕ, ನಾನು ಬೆರಳು ಕೊಟ್ಟರೆ ನಿನ್ನ ಪಿಂಚಣಿ ನಿಂತರೂ ನಿಲ್ಲಬಹುದು. ಆಚೆಯಿಂದ ಬಂತು ನೋಡಿ ಅಕ್ಕನ ಬೈಗುಳ, ವೇದನಿಗೂ ಕೇಳಿಸಿತು, ಅಜ್ಜನಿಗೂ ಕೇಳಿಸಿತು. 'ನಿನಗೆ ತಲೆ ಸರಿ ಉಂಟಾ? ಅಲ್ಲಿ ಗಂಡ ಉಸಿರಿಗೆ ಒದ್ದಾಡುವಾಗ ನೀನು ನನ್ನ ಪಿಂಚಣಿ ಕಾಯ್ತಾ ಕೂತಿದ್ದೀಯಾ? ಇಷ್ಟು ದಿನ ಒಂದು ಫೋನು ಮಾಡ್ಲಿಕ್ಕೆ ಆಗಲಿಲ್ವಾ ನಿನಗೆ? ನಿಂತರೆ ನಿಲ್ಲಲಿ! ಮಗಳು ಊಟ ಹಾಕುವುದಿಲ್ವಾ ನನಗೆ?' ಅಂತ ಹೇಳಿ, 'ಸೋಮವಾರ ಬೆಳಿಗ್ಗೆ ನಾನೇ ಬರ್ತೇನೆ, ನೀನು ಒಬ್ಬಳೇ ಹೋಗಿ ಪುನಃ ಮೊಣಕಾಲು ನೋವು ಅಂತ ತಿರುಗಿ ಬರುವುದು ಬೇಡ' ಅಂದಳು.

ಅಜ್ಜ ಎಲ್ಲ ಕೇಳಿಸಿಕೊಂಡಿದ್ದರು. ನಾನು ಅವರ ಮುಖ ನೋಡ್ಲಿಕ್ಕೆ ಹೆದರಿ ಒಲೆ ಹತ್ರ ಹೋದೆ. ಅಲ್ಲಿಂದಲೇ ಕರೆದರು, 'ಸುನಂದ.' ಬಂದೆ. 'ಇಷ್ಟಕ್ಕಾ?' ಅಂದರು. ಹೌದು ಅಂದೆ. 'ಹೋಗ್ವ, ಆಟೋ ಕರಿ' ಅಂದರು, ಅಷ್ಟೇ. ಶನಿವಾರ ಮಧ್ಯಾಹ್ನ ಪುನಃ ಮಣಿಪಾಲ. ಆ ಸಲದ ದುಡ್ಡನ್ನು ನಮ್ಮ ಭಜನಾ ಮಂದಿರದವರು ಕಟ್ಟಿದರು. ವೇದ ಹೋಗಿ ಒಂದು ಮಾತು ಹೇಳಿದ್ದಕ್ಕೆ ಅವರು ಬಂದರು. ಭಜನೆಗೆ ಮಾತ್ರ ಅಂತ ನಾನು ತಿಳಿದುಕೊಂಡಿದ್ದೆ, ಕಾಯಿಲೆಯವರಿಗೆ ಅಂತಲೇ ಅವರು ತೆಗೆದಿಡುವುದುಂಟಂತೆ, ನಾನು ನವರಾತ್ರಿಯಲ್ಲಿ ಡಬ್ಬಿಗೆ ಹಾಕಿದ್ದೂ ಅದರಲ್ಲೇ ಇರ್ತದಂತೆ! ಆಚೆ ಮನೆಯ ಲಿಲ್ಲಿಬಾಯಿ ತಾನು ಪ್ರಾರ್ಥನೆಗೆ ಹೋಗುವ ಇಗರ್ಜಿಯಿಂದ ಗಾಲಿಕುರ್ಚಿ ತರಿಸಿ ಕೊಟ್ಟಳು. 'ಕೇಳಿದರೆ ಯಾರಿಗೂ ಕೊಡ್ತಾರೆ ಸುನಂದಕ್ಕ, ನೀವು ಕೇಳಬೇಕಲ್ಲ' ಅಂದಳು. ಎಲ್ಲರೂ ಅದನ್ನೇ ಹೇಳುವುದು ನನಗೆ.

ಸೋಮವಾರ ಅಕ್ಕ ಬೆಳ್ಮಣ್ಣಿನಿಂದ ಮೊದಲನೇ ಬಸ್ಸಿಗೆ ಬಂದಳು, ಮದುವೆಗೆ ಉಡುವ ಸೀರೆ ಉಟ್ಟುಕೊಂಡು. ಯಾಕೆ ಅಂದರೆ, 'ಪೋಲೀಸಿನವರು ಬಂದರೆ ಸರಿಯಾಗಿ ಕಾಣಬೇಡ್ವಾ?' ಅಂತ. ಅವಳಿಗೂ ಒಳಗೆ ಹೆದರಿಕೆ ಉಂಟು ನೋಡಿ, ತೋರಿಸಲಿಲ್ಲ ಅಷ್ಟೇ. ಸೊಸೈಟಿಯಲ್ಲಿ ಸಾಲು. ನಮ್ಮ ಸರದಿ ಬಂತು. ಅಂಗಡಿಯವನು, 'ಹೆಬ್ಬೆಟ್ಟು ಇಡಿ ಅಮ್ಮ' ಅಂದ. ಅಕ್ಕ ನನ್ನ ಸೊಂಟ ಹಿಡಿದುಕೊಂಡು ನಿಂತಿದ್ದಾಳೆ. ನಾನು ಕಣ್ಣು ಮುಚ್ಚಿ ಇಟ್ಟೆ. ಮೆಷಿನು ಕೀಂ ಅಂತು. ಬಂತು ಗ್ರಹಚಾರ ಅಂತ ಅಕ್ಕ ಮುಂದೆ ನುಗ್ಗಿ, 'ನೋಡಿ, ತಪ್ಪು ಅವಳದ್ದಲ್ಲ, ಪುಸ್ತಕ ನನ್ನದು' ಅಂತ ಸುರು ಮಾಡಿಬಿಟ್ಟಳು! ಅವನಿಗೆ ತಲೆಬುಡ ಅರ್ಥ ಆಗಲಿಲ್ಲ. 'ಯಾವ ಪುಸ್ತಕ? ಇಲ್ಲಮ್ಮ, ಬೆರಳು ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಬೆರಳು ಇಡಿ.' ಇಟ್ಟೆ. ಕೀಂ. ಮತ್ತೊಂದು. ಕೀಂ. ಹತ್ತೂ ಆಯ್ತು. ಅವನು ನನ್ನ ಕೈ ತಿರುಗಿಸಿ ನೋಡಿದ. 'ನೀವು ಬೀಡಿ ಕಟ್ಟುವವರಾ ಅಮ್ಮ?' ಸಿಕ್ಕಿಬಿದ್ದೆ ಅಂತ ಅಕ್ಕನ ಕೈ ಹಿಡಿದುಕೊಂಡೇ ಹೌದು ಅಂದೆ. 'ಮತ್ತೆ ಎಲ್ಲಿಂದ ಬರ್ತದೆ? ಸುತ್ತಿ ಸುತ್ತಿ ಗೆರೆಯೇ ಸವೆದು ಹೋಗಿದೆ. ಇಲ್ಲಿ ಬೀಡಿಯವರದ್ದು ಸುಮಾರು ಜನರದ್ದು ಹೀಗೇ.' ಕೇಳಿದಿರಾ ಮಕ್ಕಳೇ? ಯಾವ ಹೆಬ್ಬೆಟ್ಟಿಗೆ ನಾನು ಅಷ್ಟು ಕಾಲ ಹೆದರಿದ್ದೋ ಅದರಲ್ಲಿ ಹಿಡೀಲಿಕ್ಕೆ ಎಂತದೂ ಇರಲೇ ಇಲ್ಲ! ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ, ಇಬ್ಬರಿಗೂ ನಗು ತಡೆಯುವುದಿಲ್ಲ, ಸಾಲಿನಲ್ಲಿದ್ದವರೆಲ್ಲ ಇವರಿಗೆ ಎಂತಾಯ್ತು ಅಂತ ನೋಡ್ತಾ ಇದ್ದಾರೆ. ಕಡೆಗೆ ಕಣ್ಣಿನ ಮೆಷಿನು ತಂದು ಕಣ್ಣಿನ ಫೋಟೋ ತೆಗೆದ. ಸುನಂದ ಅಂತ ಬಂತು. 'ಆಯ್ತು ಅಮ್ಮ, ಕಾರ್ಡು ರದ್ದಾಗಿಲ್ಲ, ನಿಲ್ಲಿಸಿದ್ದು ಮಾತ್ರ. ಕೆಲವು ದಿನದಲ್ಲಿ ಸರಿ ಆಗ್ತದೆ' ಅಂದ. ಐದು ನಿಮಿಷ ಹಿಡೀಲಿಲ್ಲ. ದಿನೇಶ ಹೇಳಿದ್ದೇ ಸರಿ.

ಕಾರ್ಡು ಸರಿ ಆಯ್ತು, ಆದರೆ ಕಾರ್ಕಳದಲ್ಲಿ ಡಯಾಲಿಸಿಸ್ ಮೆಷಿನು ಖಾಲಿ ಆಗಬೇಕಲ್ಲ, ಅದಕ್ಕೆ ಇನ್ನೂ ಮೂರು ವಾರ ಕಾದೆವು. ಅಷ್ಟರವರೆಗೆ ಮಣಿಪಾಲದಲ್ಲೇ, ಕಾರ್ಡು ತೋರಿಸಿದ ಮೇಲೆ ಅಲ್ಲಿಯೂ ಭಾರ ಇಳಿಯಿತು. ಕಾರ್ಕಳದಲ್ಲಿ ಮೊದಲ ದಿನ ಬೆಳಿಗ್ಗೆ ಹೋದವರು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರು ಮಾರಾಯ್ರೆ! ಕೈಕಾಲು ತೊಳೆದು ಬಟ್ಟಲಿನ ಎದುರು ಕೂತು ಮೊದಲ ತುತ್ತು ಬಾಯಿಗಿಟ್ಟು, 'ಎಂತ ಇದು, ಸಾರಿಗೆ ಉಪ್ಪೇ ಇಲ್ಲ' ಅಂದರು. ನಾಲ್ಕೈದು ತಿಂಗಳಿಂದ ಹಾಕಿದ್ದನ್ನು ತಿಂದು ಎದ್ದು ಹೋಗುವ ಜನ, ಒಂದು ಮಾತು ಹೇಳ್ತಿರಲಿಲ್ಲ. ಉಪ್ಪು ಕಮ್ಮಿ ಹಾಕ್ಲಿಕ್ಕೆ ಡಾಕ್ಟರೇ ಹೇಳಿದ್ದು ಅಂತ ಜಗಳ ಮಾಡಿದೆ. ಜಗಳ ಮಾಡ್ತಾ ಮಾಡ್ತಾ ಅಳು ಬಂತು. ಎಷ್ಟು ಸಂತೋಷ ಆಯ್ತು ಅಂತ ನಿಮಗೆ ಹೇಳಿದರೆ ತಿಳಿಯುವುದಿಲ್ಲ. ಅಕ್ಕನಿಗೆ ಫೋನು ಮಾಡಿ, ಇವರು ಉಪ್ಪಿಲ್ಲ ಅಂತ ಬೈದರು ಅಕ್ಕ ಅಂದೆ. 'ಬೈದರಾ? ಹಾಗಾದರೆ ಬದುಕಿದರು ಬಿಡು' ಅಂದಳು ಅವಳು. ಅವಳ ಪಿಂಚಣಿಯಾ? ಬರ್ತಾ ಉಂಟು, ಅದಕ್ಕೆ ಎಂತದೂ ಆಗಲಿಲ್ಲ, ಅದರಲ್ಲೇ ಅಲ್ವಾ ನಿಮಗೆ ಹಪ್ಪಳ ಮಾಡಿ ಕಳಿಸುವುದು.

ಹಾಗಾಗಿ ಹೇಳುವುದು ಪ್ರಣಮ್ಯ, ನಿನಗೆ ಕಾಲೇಜಿನಲ್ಲಿ ಆ ಸ್ಕಾಲರ್‌ಶಿಪ್ ಬರ್ತದಾ ಇಲ್ವಾ ಅಂತ ಇಲ್ಲಿ ಕೂತು ನನ್ನ ಹತ್ರ ಯಾಕೆ ಕೇಳ್ತೀ? ನಾನೂ ಹಾಗೇ ಮನೆಯೊಳಗೆ ಕೂತು ಪ್ರಶ್ನೆಯೂ ನಾನೇ ಕೇಳಿದ್ದು, ಉತ್ತರವೂ ನಾನೇ ಕೊಟ್ಟದ್ದು, ಎಲ್ಲವೂ ತಪ್ಪೇ. ಇನ್ನೊಂದು ವಾರ ಕೂತಿದ್ದರೆ ನಿಮ್ಮ ಅಜ್ಜ ಇರ್ತಿರಲಿಲ್ಲ. ಕೊಡುವವರು ಯಾರೂ ನಿನ್ನ ಮನಸ್ಸಿನಲ್ಲಿ ಇರುವುದನ್ನು ತಿಳಿದು ಬರುವುದಿಲ್ಲ, ಹೋಗಿ ಬಾಯಿ ಬಿಟ್ಟು ಕೇಳಬೇಕು. ಇಲ್ಲ ಅಂದರೆ ಇಲ್ಲ ಅಂತಾರೆ, ಅಷ್ಟೇ ಅಲ್ವಾ? ನಾಳೆಯೇ ಹೋಗು.